ಅರ್ಕೇನಮ್‌ನಲ್ಲಿ ಮಂತ್ರವೂ ಯಂತ್ರವೂ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಆಟ?

ಪೂರ್ತಿ ಹೆಸರು ‘ಅರ್ಕೇನಮ್: ಆಫ್ ಸ್ಟೀಮ್‌ವರ್ಕ್ಸ್ ಅಂಡ್ ಮ್ಯಾಜಿಕ್ ಅಬ್‌ಸ್ಕ್ಯೂರಾ’. 2001ರ ಆಗಸ್ಟ್‌ನಲ್ಲಿ ಬಂದ ಕಂಪ್ಯೂಟರ್ ರೋಲ್ ಪ್ಲೇಯಿಂಗ್ ಆಟ. ಮಾಡಿದ್ದು ಟ್ರೊಯ್ಕಾ ಗೇಮ್ಸ್, ಹೊರತಂದದ್ದು ಸಿಯೆರಾ. ಟ್ರೊಯ್ಕಾ ಕಟ್ಟಿದ ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ, ಜೇಸನ್ ಆ್ಯಂಡರ್ಸನ್ ಮೂವರೂ ಅದಕ್ಕೆ ಮೊದಲು 1997ರ ಫಾಲ್‌ಔಟ್ ಎಂಬ ಆಟದಲ್ಲಿ ಕೆಲಸ ಮಾಡಿದವರು. ಕಂಪನಿ 2005ರಲ್ಲಿ ಬಾಗಿಲು ಹಾಕಿತು. ಆಟಕ್ಕೆ ಮಾತ್ರ ಇವತ್ತಿಗೂ ಹೊಸಬರು ಬರುತ್ತಲೇ ಇದ್ದಾರೆ. ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತಾರೆ. ಈ ಪುಟ ಬರೆದಿರುವುದು ಆ ಜಾಗದ ಬಗ್ಗೆಯೇ.

ಮಂತ್ರ ಮತ್ತು ಯಂತ್ರ ಇಲ್ಲಿ ಯಾಕೆ ಹೊಂದಿಕೊಳ್ಳುವುದಿಲ್ಲ?

ಯಂತ್ರ ಕೆಲಸ ಮಾಡುವುದು ಪ್ರಕೃತಿಯ ನಿಯಮವನ್ನು ನಂಬಿಕೊಂಡು. ಆವಿ ಹಿಗ್ಗಬೇಕು, ಪಿಸ್ಟನ್ ಪ್ರತಿ ಸಲ ಅಷ್ಟೇ ದೂರ ಸರಿಯಬೇಕು, ಮದ್ದು ಕಿಡಿ ಮುಟ್ಟಿದ ಕೂಡಲೇ ಹೊತ್ತಬೇಕು. ಮಂತ್ರದ ಕೆಲಸ ಅದೇ ನಿಯಮವನ್ನು ಬಗ್ಗಿಸುವುದು. ಬಲವಾದ ಮಾಂತ್ರಿಕನೊಬ್ಬ ಎಂಜಿನ್ ಪಕ್ಕ ನಿಂತರೆ ಅಲ್ಲಿನ ಘರ್ಷಣೆ, ಒತ್ತಡ, ಉಷ್ಣ ಎಲ್ಲ ಏರುಪೇರಾಗಿ ಎಂಜಿನ್ ಕೆಡುತ್ತದೆ. ಇದರ ಉಲ್ಟಾ ಕೂಡ ನಿಜ: ಪ್ರಕೃತಿಯ ನಿಯಮ ಬಿಗಿಯಾಗಿ ನಡೆಯುವ ಕಡೆ ಮಂತ್ರ ಹಿಡಿಯುವುದಿಲ್ಲ.

ಬರೀ ಕಥೆಗೆ ಹಚ್ಚಿದ ಬಣ್ಣವಾಗಿದ್ದರೆ ಈ ಪುಟವೇ ಬೇಕಿರಲಿಲ್ಲ. ಟ್ರೊಯ್ಕಾ ಮಾಡಿದ ಜಾಣತನ ಎಂದರೆ ಈ ವಾದವನ್ನು ಹಾಗೇ ಲೆಕ್ಕಕ್ಕೆ ಇಳಿಸಿದ್ದು. ನೀವು ಖರ್ಚು ಮಾಡುವ ಪಾಯಿಂಟ್, ತೊಡುವ ಅಂಗಿ, ಕುಡಿಯುವ ಮದ್ದು, ರೈಲು ಟಿಕೆಟ್, ಎಲ್ಲದರಲ್ಲೂ ಅದು ತಲೆ ಹಾಕುತ್ತದೆ.

ಆ ಮೀಟರ್ ಏನು? ಮುಳ್ಳು ಯಾವಾಗ ಸರಿಯುತ್ತದೆ?

ನಿಮ್ಮ ಪಾತ್ರದ ಒಲವು ಯಾವ ಕಡೆಗಿದೆ ಎಂದು ತೋರಿಸುವ ಮೀಟರ್ ಅದು. ನಡುವೆ ಸೊನ್ನೆ, ಒಂದು ತುದಿಯಲ್ಲಿ ಮಂತ್ರದ 100, ಇನ್ನೊಂದು ತುದಿಯಲ್ಲಿ ಯಂತ್ರದ 100. ಸ್ಪೆಲ್ (ಒಂದೊಂದು ಬಿಡಿ ಮಂತ್ರ) ಕಲಿತರೆ ಮುಳ್ಳು ಮಂತ್ರದ ಕಡೆ ಹೋಗುತ್ತದೆ. ಯಂತ್ರವಿದ್ಯೆಯ ಒಂದು ಹಂತ ಕಲಿತರೆ ಆ ಕಡೆ. ಎರಡೂ ಕಲಿತರೆ ಒಂದರಿಂದ ಇನ್ನೊಂದು ಕಳೆದುಹೋಗಿ ಮುಳ್ಳು ನಡುವಿಗೇ ಬಂದು ನಿಲ್ಲುತ್ತದೆ.

ತುಂಬ ಜನರ ಕಣ್ಣಿಗೆ ಬೀಳದ ವಿಷಯ ಸ್ಕಿಲ್‌ಗಳದ್ದು. ರಿಪೇರ್, ಫೈರ್‌ಆರ್ಮ್ಸ್, ಪಿಕ್ ಲಾಕ್ಸ್, ಡಿಸಾರ್ಮ್ ಟ್ರ್ಯಾಪ್ಸ್ ಈ ನಾಲ್ಕೂ ಯಂತ್ರದ ಪಟ್ಟಿಯಲ್ಲಿವೆ. ಬೀಗ ತೆಗೆಯುವುದು ಕಳ್ಳರ ಕೆಲಸ ತಾನೇ ಎಂದುಕೊಂಡು ಮಾಂತ್ರಿಕನಿಗೆ ಪಿಕ್ ಲಾಕ್ಸ್ ಕೊಟ್ಟರೆ ಅವನ ಸ್ಪೆಲ್‌ಗಳ ಬಲವೇ ಇಳಿಯುತ್ತದೆ. ಮಾಂತ್ರಿಕನಿಗೆ ಬೀಗ ತೆಗೆಯಬೇಕಿದ್ದರೆ ಕನ್ವೇಯನ್ಸ್ ಕಾಲೇಜಿನ (ಕಾಲೇಜು ಎಂದರೆ ಇಲ್ಲಿ ಮಂತ್ರದ ಒಂದು ಶಾಖೆ) ಎರಡನೇ ಸ್ಪೆಲ್ ಅನ್‌ಲಾಕಿಂಗ್ ಕ್ಯಾಂಟ್ರಿಪ್ ಇದೆ, ಅದನ್ನು ತೆಗೆದುಕೊಳ್ಳಿ.

ಮುಳ್ಳನ್ನು ಅಲುಗಿಸದವು: ಬಲ, ಬುದ್ಧಿ, ಚುರುಕು ಮುಂತಾದ ಎಂಟು ಮೂಲಗುಣಗಳು. ಮೆಲೀ, ಡಾಡ್ಜ್, ಬೋ, ಥ್ರೋಯಿಂಗ್. ಪಿಕ್ ಪಾಕೆಟ್, ಪ್ರೌಲಿಂಗ್, ಬ್ಯಾಕ್‌ಸ್ಟ್ಯಾಬ್. ಹ್ಯಾಗಲ್, ಪರ್ಸುವೇಶನ್, ಹೀಲ್. ಇವನ್ನು ಯಾರು ಬೇಕಾದರೂ ಕಲಿಯಬಹುದು.

ಪಾಯಿಂಟ್ ಎಷ್ಟು ಸಿಗುತ್ತದೆ? ಎಲ್ಲವನ್ನೂ ಕಲಿಯಲು ಆಗುವುದಿಲ್ಲವೇ?

ಆಗುವುದಿಲ್ಲ, ಲೆಕ್ಕ ಹಾಕಿ ನೋಡಿ. ಶುರುವಿನಲ್ಲಿ 5 ಪಾಯಿಂಟ್. ಆಮೇಲೆ ಪ್ರತಿ ಲೆವೆಲ್‌ಗೆ 1, ಪ್ರತಿ ಐದನೇ ಲೆವೆಲ್‌ಗೆ ಇನ್ನೂ 1. ಮೂಲ ಆಟದಲ್ಲಿ 50ನೇ ಲೆವೆಲ್‌ಗೆ ಮಿತಿ. ಕೊನೆಗೆ ಕೈಗೆ ಬರುವುದು 64.

ಮಂತ್ರದಲ್ಲಿ 16 ಕಾಲೇಜು, ಒಂದೊಂದರಲ್ಲಿ 5 ಸ್ಪೆಲ್, ಒಟ್ಟು 80. ಪ್ರತಿ ಸ್ಪೆಲ್‌ಗೆ ಒಂದು ಪಾಯಿಂಟ್. ಯಂತ್ರದಲ್ಲಿ 8 ವಿದ್ಯೆ, ಒಂದೊಂದರಲ್ಲಿ ನೋವಿಸ್‌ನಿಂದ ಡಾಕ್ಟರೇಟ್ ತನಕ 7 ಹಂತ, ಒಟ್ಟು 56. ಮೇಲಿನ ಸ್ಪೆಲ್‌ಗೆ ವಿಲ್‌ಪವರ್ ಏರಿಸಬೇಕು, ಮೇಲಿನ ಹಂತದ ಯಂತ್ರವಿದ್ಯೆಗೆ ಇಂಟೆಲಿಜೆನ್ಸ್ ಏರಿಸಬೇಕು, ಅದಕ್ಕೂ ಇದೇ ಗಂಟಿನಿಂದ ಪಾಯಿಂಟ್ ಹೋಗುತ್ತದೆ. ಒಂದು ಸ್ಕಿಲ್ ತುದಿ ಮುಟ್ಟಿಸಲು 5 ಪಾಯಿಂಟ್ ಬೇಕು, ಒಂದು ಪಾಯಿಂಟ್‌ಗೆ ನಾಲ್ಕು ನಾಲ್ಕರಂತೆ 20ಕ್ಕೆ ಏರುತ್ತದೆ.

ಆದ್ದರಿಂದ ಮೂರು ನಾಲ್ಕು ಕಾಲೇಜು ಪೂರ್ತಿ ಮಾಡಿ, ವಿಲ್‌ಪವರ್ ಏರಿಸಿ, ಒಂದು ಹೊಡೆದಾಟದ ಸ್ಕಿಲ್ ಇಟ್ಟುಕೊಂಡರೆ ಅದು ಒಳ್ಳೆಯ ಮಾಂತ್ರಿಕ. ಎಲ್ಲದರಲ್ಲೂ ಒಂದೊಂದು ಸ್ಪೆಲ್ ಮುಟ್ಟಿ ನೋಡಿದವನು ಹದಿನೈದನೇ ಲೆವೆಲ್ ಹೊತ್ತಿಗೆ ಒದ್ದಾಡುತ್ತಾನೆ.

ಮಾಂತ್ರಿಕ ಬಂದೂಕು ಹಿಡಿದರೆ ಏನಾಗುತ್ತದೆ?

ಹಿಡಿಯಬಹುದು, ಆಟ ತಡೆಯುವುದಿಲ್ಲ. ಆದರೆ ಯಂತ್ರದ ವಸ್ತುಗಳಿಗೆ ಅವುಗಳದ್ದೇ ಒಂದು ಜಟಿಲತೆಯ ಅಂಕಿ ಇರುತ್ತದೆ. ಮಂತ್ರದ ಒಲವು ಇರುವವನ ಕೈಯಲ್ಲಿ ಅಂಥ ವಸ್ತು ಗುರಿ ತಪ್ಪುತ್ತದೆ, ಗಂಭೀರವಾಗಿ ಕೈಕೊಡುವ ಸಾಧ್ಯತೆಯೂ ಹೆಚ್ಚುತ್ತದೆ. ಒಲವು ಜಾಸ್ತಿಯಾದಷ್ಟೂ, ವಸ್ತು ಜಟಿಲವಾದಷ್ಟೂ ತೊಂದರೆ ದೊಡ್ಡದು. ಸಾದಾ ಕತ್ತಿ, ಸಾದಾ ಬಿಲ್ಲು ಎರಡೂ ಪಕ್ಷಕ್ಕೆ ಸೇರಿದ್ದಲ್ಲ, ಅವು ಯಾರ ಕೈಯಲ್ಲೂ ಒಂದೇ.

ಯಂತ್ರದವನು ಮಂತ್ರದ ಕತ್ತಿ ಹಿಡಿದಾಗ ಹೀಗೆ ಕೈಕೊಡುವುದಿಲ್ಲ, ಸುಮ್ಮನೆ ಮಂಕಾಗುತ್ತದೆ. ಕತ್ತಿಯ ವಿವರದಲ್ಲಿ ದೊಡ್ಡ ದೊಡ್ಡ ಅಂಕಿ ಇರುತ್ತದೆ, ನಿಮಗೆ ಸಿಗುವುದು ಅದರಲ್ಲಿ ಒಂದು ಚೂರು. ಅಂಗಡಿಯಲ್ಲಿ ದುಡ್ಡು ಸುರಿಯುವ ಮುಂಚೆ ವಸ್ತುವಿನ ಮೇಲೆ ಮೌಸ್ ಇಟ್ಟು, ಅದರ ಮಂತ್ರಬಲದಲ್ಲಿ ನಿಮಗೆ ಎಷ್ಟು ದಕ್ಕುತ್ತದೆ ನೋಡಿ.

ವರ್ಜಿಲ್ (ಆಟದ ಶುರುವಿನಲ್ಲೇ ಜೊತೆಗೂಡುವ ಗೆಳೆಯ) ವಾಸಿ ಮಾಡುತ್ತಿದ್ದಾನೆ, ಆದರೆ ನನ್ನ ಆರೋಗ್ಯ ಏರುತ್ತಿಲ್ಲ. ಇದು ಆಟದ ಬಗ್ (ಪ್ರೋಗ್ರಾಂ ದೋಷ) ಇರಬಹುದೇ?

ಬಗ್ ಅಲ್ಲ. ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ. ಯಂತ್ರದ ಒಲವು ಎಂದರೆ ಮಂತ್ರಕ್ಕೆ ತಡೆ. ಶತ್ರುವಿನ ಬೆಂಕಿ ಮಂತ್ರವನ್ನು ಯಾವ ತಡೆ ತಗ್ಗಿಸುತ್ತದೋ ಅದೇ ತಡೆ ಗೆಳೆಯನ ವಾಸಿ ಮಾಡುವ ಮಂತ್ರವನ್ನೂ ತಗ್ಗಿಸುತ್ತದೆ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಯಂತ್ರದ ಮುಳ್ಳು ತುದಿಗೆ ಹತ್ತಿರವಾದ ಹಾಗೆ ವರ್ಜಿಲ್‌ನ ಮೈನರ್ ಹೀಲಿಂಗ್ ಬರೀ ಬೆಳಕಿನಾಟವಾಗುತ್ತದೆ. ಅವನ ಫೆಟೀಗ್ (ಮಂತ್ರ ಹಾಕಲು ಬೇಕಾದ ಕಸುವು) ಖರ್ಚಾಗುತ್ತದೆ, ನಿಮ್ಮ ಗಾಯ ಹಾಗೇ ಇರುತ್ತದೆ.

ಯಂತ್ರದ ಹಾದಿ ಹಿಡಿದವರು ಮೊದಲ ಊರು ಶ್ರೌಡೆಡ್ ಹಿಲ್ಸ್ ಬಿಡುವ ಮುಂಚೆಯೇ ಇದಕ್ಕೆ ದಾರಿ ಮಾಡಿಕೊಳ್ಳಬೇಕು. ಅಗ್ಗದ ದಾರಿ ಹರ್ಬಾಲಜಿಯ ಮೊದಲ ಹಂತ, ಅದಕ್ಕೆ ಒಂದು ಪಾಯಿಂಟ್. ಗಿಂಕಾ ಬೇರು ಒಂದು, ಕದೂರಾ ಕಾಂಡ ಒಂದು, ಎರಡೂ ಚೀಲದಲ್ಲಿರಬೇಕು. ನಕ್ಷೆಗಳ (ಯಾವ ವಸ್ತುವನ್ನು ಯಾವುದರಿಂದ ಮಾಡಬೇಕು ಎಂದು ತೋರಿಸುವ ಚಿತ್ರಗಳ) ಪುಟ ತೆರೆದು ಹೀಲಿಂಗ್ ಸಾಲ್ವ್ ಆರಿಸಿ ಸೇರಿಸಿದರೆ ಮುಲಾಮು ತಯಾರು. ಗಿಡಮೂಲಿಕೆ ಅಂಗಡಿಯಲ್ಲಿ ಕಂಡಾಗೆಲ್ಲ ಈ ಎರಡನ್ನೂ ಕೊಂಡಿಡಿ. ಗಣಿಗೆ ಇಳಿಯುವ ಮುಂಚೆ ಇಪ್ಪತ್ತು ಮುಲಾಮು ಇದ್ದರೆ ನೆಮ್ಮದಿ.

ಹೀಲ್ ಸ್ಕಿಲ್ ಇನ್ನೊಂದು ದಾರಿ. ಬ್ಯಾಂಡೇಜ್ ಬಳಸುವ ಕೆಲಸ ಅದು, ಮಂತ್ರವೂ ಅಲ್ಲ ಯಂತ್ರವೂ ಅಲ್ಲ, ಮುಳ್ಳು ಅಲುಗುವುದಿಲ್ಲ. ಡರ್ನ್‌ಹೋಮ್‌ನಲ್ಲಿ ಸಿಗುವ ಜೇನಾ ಸ್ಟೈಲ್ಸ್ ಎಂಬ ಹುಡುಗಿಗೆ ಮದ್ದು ಮಾಡುವ ವಿದ್ಯೆ ಬರುತ್ತದೆ, ಯಂತ್ರದವರ ಗುಂಪಿನಲ್ಲಿ ಅವಳಿಗೊಂದು ಜಾಗ ಕಾಯ್ದಿಡಿ.

ಹಾಗಾದರೆ ಯಂತ್ರದವರಿಗೆ ಲಾಭವೇನು?

ಅದೇ ತಡೆ! ಮಂತ್ರದಿಂದ ಗೆಳೆಯನ ಸಹಾಯ ಸಿಗುವುದಿಲ್ಲ ನಿಜ, ಆದರೆ ಶತ್ರು ಮಾಂತ್ರಿಕನ ಕಾಟವೂ ಇರುವುದಿಲ್ಲ. ಮುಳ್ಳು ಯಂತ್ರದ ತುದಿಗೆ ಬಂದವನ ಮೇಲೆ ಮಂತ್ರ ಹಾಕುವುದು ಶತ್ರುವಿಗೆ ಫೆಟೀಗ್ ದಂಡ. ಆಟದ ಕೊನೆಯ ಭಾಗದಲ್ಲಿ ದೊಡ್ಡ ದೊಡ್ಡ ಮಾಂತ್ರಿಕರು ಎದುರಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯ ಲಾಭ ಫೆಟೀಗಿನದ್ದು. ಅಜಿಲಿಟಿ ಆಫ್ ಫೈರ್ ಸ್ಪೆಲ್ ಚುರುಕು ಹೆಚ್ಚಿಸುತ್ತದೆ, ಆದರೆ ಉಳಿಸಿಕೊಂಡಷ್ಟು ಹೊತ್ತೂ ಫೆಟೀಗ್ ಸೋರುತ್ತಲೇ ಇರುತ್ತದೆ. ಎಲೆಕ್ಟ್ರಿಕಲ್ ವಿದ್ಯೆಯ ಚಾರ್ಜ್ಡ್ ರಿಂಗ್ ಬೆರಳಿಗೆ ಹಾಕಿದರೂ ಚುರುಕು ಹೆಚ್ಚುತ್ತದೆ, ಏನೂ ಸೋರುವುದಿಲ್ಲ.

ಶುರುವಿನಲ್ಲಿ ಬಂದೂಕು ಯಾಕೆ ಇಷ್ಟು ದುರ್ಬಲ?

ಇದು ಆಟದ ಸಮತೋಲನದ ದೋಷ, ನಿಮ್ಮ ಆಟದ್ದಲ್ಲ. ನೆಕ್ರೊಮ್ಯಾಂಟಿಕ್ ಬ್ಲ್ಯಾಕ್ ಕಾಲೇಜಿನ ಮೊದಲ ಸ್ಪೆಲ್, ಶತ್ರುವಿಗೆ ನೇರ ಗಾಯ ಮಾಡುವ ಹಾರ್ಮ್, ಒಂದೇ ಪಾಯಿಂಟ್‌ಗೆ ಸಿಗುತ್ತದೆ, ಅದೊಂದನ್ನೇ ಇಟ್ಟುಕೊಂಡು ಅರ್ಧ ಆಟ ದಾಟಬಹುದು. ಅದೇ ಹೊತ್ತಿಗೆ ಬಂದೂಕಿನವನಿಗೆ ಸಾಧಾರಣ ಪಿಸ್ತೂಲು, ಕಡಿಮೆ ಸ್ಕಿಲ್, ದುಡ್ಡು ತಿನ್ನುವ ಗುಂಡುಗಳು. ಫೈರ್‌ಆರ್ಮ್ಸ್ ಪರ್ಸೆಪ್ಶನ್ ಗುಣಕ್ಕೆ ಕಟ್ಟಿಕೊಂಡಿರುವುದರಿಂದ ಅದಕ್ಕೂ ಪಾಯಿಂಟ್ ಸುರಿಯಬೇಕು.

ಹಾಗಾಗಿ ಮೊದಲ ಹತ್ತು ಲೆವೆಲ್ ಬಂದೂಕನ್ನು ನೆಚ್ಚಿಕೊಳ್ಳಬೇಡಿ. ಎಕ್ಸ್‌ಪ್ಲೋಸಿವ್ಸ್‌ನ ಮೊದಲ ಹಂತ ತೆಗೆದುಕೊಂಡು ಮೊಲಟೊವ್ ಮಾಡಿ: ಒಂದು ಡಬ್ಬಿ ಇಂಧನ, ಒಂದು ಚಿಂದಿ ಬಟ್ಟೆ, ಅಷ್ಟೇ. ಎಸೆಯಲು ಬೇಕಾದದ್ದು ಥ್ರೋಯಿಂಗ್ ಸ್ಕಿಲ್, ಅದು ಯಾರ ಪಕ್ಷವೂ ಅಲ್ಲ. ಹತ್ತಿರ ನಿಂತು ಎಸೆದರೆ ನಿಮಗೂ ನಿಮ್ಮ ಜೊತೆಗಾರರಿಗೂ ಸುಡುತ್ತದೆ, ಜೊತೆಗಾರರು ಅದನ್ನು ನಕ್ಕು ಮರೆಯುವುದಿಲ್ಲ. ಶತ್ರುಗಳು ಬಾಗಿಲಲ್ಲಿ ಗುಂಪುಗೂಡಿದಾಗ, ನಿಮ್ಮವರು ಮುನ್ನುಗ್ಗುವ ಮುಂಚೆ, ಸರದಿ ಪ್ರಕಾರ ಹೊಡೆದಾಡುವ ಟರ್ನ್ ಬೇಸ್ಡ್ ಮೋಡ್‌ಗೆ ಬದಲಿಸಿ ಎಸೆಯಿರಿ.

ಗನ್ ಸ್ಮಿಥಿಯಲ್ಲಿ ಮೇಲೆ ಹೋದಮೇಲೆ ಚಿತ್ರ ಬದಲಾಗುತ್ತದೆ. ಟೆಸ್ಲಾ ಗನ್ ಕೈಗೆ ಬಂದವನು ಹಾರ್ಮ್ ಹಿಡಿದು ಬೀಗುತ್ತಿದ್ದವನನ್ನು ನೋಡಿ ನಗಬಹುದು.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಕಸದ ತೊಟ್ಟಿಯಲ್ಲಿ. ತಮಾಷೆಯಲ್ಲ, ಊರೂರಿನ ಕಸದ ತೊಟ್ಟಿ ತೆರೆದು ನೋಡುವುದೇ ಯಂತ್ರದವರ ದಿನಚರಿ. ಗುಜರಿ ಅಂಗಡಿ ಮತ್ತು ಸಂಶೋಧಕರ ಅಂಗಡಿಗಳಲ್ಲೂ ಸಿಗುತ್ತದೆ. ದಾಸ್ತಾನು ಕೆಲ ದಿನಕ್ಕೊಮ್ಮೆ ಬದಲಾಗುತ್ತದೆ, ಬೇಕಾದ್ದು ಇಲ್ಲದಿದ್ದರೆ ಆಟದ ಒಳಗೇ ಒಂದೆರಡು ದಿನ ನಿದ್ದೆ ಮಾಡಿ ಮತ್ತೆ ಬನ್ನಿ.

ಹೆಚ್ಚಿನ ನಕ್ಷೆಗಳಿಗೆ ಎರಡು ಭಾಗ ಸಾಕು. ತೊಂದರೆ ಎಂದರೆ ಕೆಲವು ನಕ್ಷೆಗಳಲ್ಲಿ ಆ ಭಾಗವೇ ಇನ್ನೊಂದು ನಕ್ಷೆಯಿಂದ ಮಾಡಿದ ವಸ್ತುವಾಗಿರುತ್ತದೆ. ದಾರಿಯಲ್ಲಿ ಸಿಗುವ ನಕ್ಷೆಗಳು ಎರಡು ಬೇರೆ ಬೇರೆ ವಿದ್ಯೆ ಕೇಳುವುದೂ ಉಂಟು. ಆದ್ದರಿಂದ ಸಿಕ್ಕಿದ ಗೇರ್, ಸ್ಪ್ರಿಂಗ್, ತಂತಿಯನ್ನೆಲ್ಲ ಹೊತ್ತು ತಿರುಗಬೇಡಿ. ಕಬ್ಬಿಣ ಭಾರ, ಭಾರ ಮೀರಿದರೆ ನಡಿಗೆ ನಿಧಾನ, ಹೊಡೆದಾಟದಲ್ಲಿ ಅದೇ ಸಾವು. ಕಲಿತ ನಕ್ಷೆಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮಾರಿ.

ಟ್ಯಾರಂಟ್‌ನಲ್ಲಿ ರೈಲು ಹತ್ತಲು ಬಿಡುತ್ತಿಲ್ಲ. ಯಾಕೆ?

ನಿಮ್ಮ ಮಂತ್ರದ ಒಲವು ಜಾಸ್ತಿಯಾಗಿದೆ. ಎಂಜಿನ್‌ಗೆ ಅಪಾಯ ಎಂದು ಅವರು ಹತ್ತಿಸಿಕೊಳ್ಳುವುದಿಲ್ಲ. ವಾದ ಮಾಡಿ ಪ್ರಯೋಜನವಿಲ್ಲ. ಮಾಂತ್ರಿಕರಿಗೆ ಕನ್ವೇಯನ್ಸ್‌ನ ಐದನೇ ಸ್ಪೆಲ್ ಟೆಲಿಪೋರ್ಟೇಶನ್ ಇದೆ, ಕಂಡಿರುವ ಊರಿಗೆ ಒಂದು ಕ್ಷಣದಲ್ಲಿ ಹೋಗಬಹುದು. ಹಡಗು ಎರಡೂ ಪಕ್ಷದವರನ್ನು ಒಯ್ಯುತ್ತದೆ.

ಯಂತ್ರದವರಿಗೂ ಇಂಥದೇ ಅವಮಾನ ಕಾದಿದೆ. ಮಂತ್ರದ ವಸ್ತು ಮಾರುವ ಅಂಗಡಿಯವರು ಕೆಲವರು ನಿಮ್ಮನ್ನು ಬಾಗಿಲಲ್ಲೇ ಕಳಿಸಿಬಿಡುತ್ತಾರೆ, ನಿಮ್ಮಿಂದ ಅವರ ಸರಕು ಕೆಡುತ್ತದಂತೆ.

ಊರುಗಳೂ ಹೀಗೆ ಪಕ್ಷ ಕಟ್ಟಿಕೊಂಡಿವೆಯೇ?

ಹೌದು, ಈ ಆಟದ ಅತ್ಯುತ್ತಮ ಬರವಣಿಗೆ ಇರುವುದು ಇಲ್ಲೇ. ಟ್ಯಾರಂಟ್ ದೊಡ್ಡ ನಗರ: ಕಾರ್ಖಾನೆ, ಪತ್ರಿಕೆ, ನೆಲದಡಿಯ ರೈಲು, ಕೂಲಿ ಮಾಡುವ ಅರೆ-ಓರ್ಕ್‌ಗಳು. ಅದಕ್ಕೆ ಎದುರಾಗಿ ಡರ್ನ್‌ಹೋಮ್, ಕಂಬ್ರಿಯಾ ರಾಜ್ಯದ ರಾಜಧಾನಿ. ಅಲ್ಲಿನ ರಾಜ ಪ್ರೇಟರ್ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನ ಕುದುರೆ ಸವಾರರು ಟ್ಯಾರಂಟ್‌ನ ಬಂದೂಕುಗಳ ಎದುರು ಸೋತರು. ಈಗ ಊರು ಹೇಗಿದೆ ಎಂದು ಬೀದಿಯಲ್ಲಿ ನಡೆದರೇ ತಿಳಿಯುತ್ತದೆ. ಎಲ್ಫ್‌ಗಳ ಊರು ಕಿಂಟಾರಾ ಮರಗಳ ಮೇಲಿದೆ, ಮಾಂತ್ರಿಕರ ತುಲ್ಲಾ ಮರುಭೂಮಿಯಲ್ಲಿ ಅಡಗಿದೆ.

ಆದರೆ ‘ಮಂತ್ರ ಹಳೆಯದು, ಯಂತ್ರ ಹೊಸದು’ ಎಂಬ ಸುಲಭದ ತೀರ್ಮಾನಕ್ಕೆ ಆಟ ಬಿಡುವುದಿಲ್ಲ. ವೆಂಡಿಗ್ರಾತ್ ಎಂಬ ಹಾಳುಬಿದ್ದ ನಗರ ಹಿಂದಿನ ಯುಗದ್ದು, ಇವತ್ತಿನ ಟ್ಯಾರಂಟ್‌ಗೂ ನಿಲುಕದ ಯಂತ್ರವಿದ್ಯೆ ಅಲ್ಲಿತ್ತು. ಇನ್ನು ಆವಿ ಎಂಜಿನ್‌ನ ಜನಕ ಎಂದು ಟ್ಯಾರಂಟ್ ತಲೆಮೇಲೆ ಹೊತ್ತಿರುವ ಗಿಲ್ಬರ್ಟ್ ಬೇಟ್ಸ್? (ಕಥೆ ಗೊತ್ತಾಗುವುದು ಬೇಡ ಎನ್ನುವವರು ಮುಂದಿನ ವಾಕ್ಯ ಬಿಡಿ.) ಅವನ ಎಂಜಿನ್‌ನ ಮೂಲ ಕುಬ್ಜರ ಬ್ಲ್ಯಾಕ್ ಮೌಂಟನ್ ಗಣಿಯಲ್ಲಿದೆ.

ಯಾವ ಜನಾಂಗ ಆರಿಸಲಿ?

ಎಲ್ಫ್‌ಗಳು ಹುಟ್ಟಿನಿಂದಲೇ ಮಂತ್ರದ ಕಡೆ, ಅರೆ-ಎಲ್ಫ್‌ಗಳು ಸ್ವಲ್ಪ ಕಡಿಮೆ. ಕುಬ್ಜರು ಯಂತ್ರದ ಕಡೆ. ಮನುಷ್ಯ ನಡುವೆ. ಅರೆ-ಓಗರ್ ಬಲದಲ್ಲಿ ಭೀಮ, ಬುದ್ಧಿಯಲ್ಲಿ ಮಾತ್ರ ಕೇಳಬೇಡಿ. ಬುದ್ಧಿ ತೀರಾ ಕಡಿಮೆಯಾದರೆ ನಿಮ್ಮ ಪಾತ್ರದ ಸಂಭಾಷಣೆಯೇ ತೊದಲು ಮಾತಾಗುತ್ತದೆ. ಮೊದಲ ಸಲ ಅದು ಬೇಡ, ಎರಡನೇ ಸಲ ಖಂಡಿತ ಆಡಿ.

ಎರಡನ್ನೂ ಬೆರೆಸಿ ಆಡಬಹುದೇ?

ಆಡಬಹುದು, ಆದರೆ ‘ಅರ್ಧ ಮಾಂತ್ರಿಕ, ಅರ್ಧ ಎಂಜಿನಿಯರ್’ ಆಗಿ ಅಲ್ಲ. ಮುಳ್ಳು ಸೊನ್ನೆಯಲ್ಲಿದ್ದರೆ ಸ್ಪೆಲ್ ಬಲ ಕಡಿಮೆ, ಯಂತ್ರದಿಂದ ಬರುವ ತಡೆಯೂ ಇಲ್ಲ. ಎರಡೂ ಕಡೆಯ ನಷ್ಟ ಒಬ್ಬನ ಮೇಲೆ.

ನಡುವಿನ ಹಾದಿ ನಡೆಯುವುದು ಕಾಳಗದವನಿಗೆ. ಮೆಲೀ, ಡಾಡ್ಜ್, ಬಲ, ಚುರುಕು, ಇವುಗಳಿಗೆ ಪಾಯಿಂಟ್ ಹಾಕಿ. ಮೇಲೆ ಹರ್ಬಾಲಜಿಯ ಒಂದು ಹಂತ ಇಟ್ಟುಕೊಳ್ಳಿ, ಒಂದು ಪಾಯಿಂಟ್‌ಗೆ ಮುಳ್ಳು ಅಷ್ಟೇನೂ ಸರಿಯುವುದಿಲ್ಲ. ವರ್ಜಿಲ್‌ನ ಮಂತ್ರವೂ ಹಿಡಿಯುತ್ತದೆ, ಮುಲಾಮೂ ಹಿಡಿಯುತ್ತದೆ. ಮೊದಲ ಸಲ ಆಡುವವರಿಗೆ ಇದಕ್ಕಿಂತ ಸುಖದ ದಾರಿ ಇಲ್ಲ ಎನ್ನಬಹುದು.

ಸ್ಪೆಲ್‌ಗಳ ಬಗ್ಗೆ ಒಂದು ಎಚ್ಚರ: ಫೆಟೀಗ್ ಸೊನ್ನೆಗೆ ಇಳಿದರೆ ಪ್ರಜ್ಞೆ ತಪ್ಪಿ ಬೀಳುತ್ತೀರಿ. ಏಕಕಾಲಕ್ಕೆ ಎಷ್ಟು ಸ್ಪೆಲ್ ಉಳಿಸಿಕೊಳ್ಳಬಹುದು ಎಂಬುದು ಇಂಟೆಲಿಜೆನ್ಸ್ ಮೇಲೆ ನಿಂತಿದೆ, ವಿಲ್‌ಪವರ್ ಮೇಲಲ್ಲ. ಟೆಂಪಸ್ ಫ್ಯುಗಿಟ್, ಡಿಸಿಂಟಿಗ್ರೇಟ್ ಎಂಬ ದೊಡ್ಡ ಸ್ಪೆಲ್‌ಗಳ ಕನಸು ಕಾಣುವವರು ಇದನ್ನು ಮರೆಯುತ್ತಾರೆ.

ಒಂದೇ ಗುಂಪಿನಲ್ಲಿ ಮಾಂತ್ರಿಕನೂ ಯಂತ್ರದವನೂ ಇದ್ದರೆ ತೊಂದರೆಯೇ?

ಲೆಕ್ಕದಲ್ಲಿ ತೊಂದರೆಯಿಲ್ಲ. ಮುಳ್ಳು ಪ್ರತಿಯೊಬ್ಬರಿಗೂ ಬೇರೆ, ಪಕ್ಕದಲ್ಲಿ ನಿಂತವನ ಒಲವು ನಿಮ್ಮ ಬಂದೂಕನ್ನು ಕೆಡಿಸುವುದಿಲ್ಲ. ಕಥೆಯಲ್ಲಿ ಎಂಜಿನ್ ಕೆಡುತ್ತದೆ, ಗುಂಪಿನಲ್ಲಿ ಕೆಡುವುದಿಲ್ಲ. ಅಷ್ಟರ ಮಟ್ಟಿಗೆ ಟ್ರೊಯ್ಕಾದವರು ಆಟಗಾರರ ಮೇಲೆ ಕರುಣೆ ತೋರಿಸಿದ್ದಾರೆ. ಜೊತೆಗಾರರು ಏನು ಕಲಿಯಬೇಕು ಎಂದು ನೀವು ಆರಿಸಲು ಬರುವುದಿಲ್ಲ, ಅವರವರ ದಾರಿ ಮೊದಲೇ ಗೊತ್ತುಮಾಡಿದ್ದು. ಎಷ್ಟು ಜನ ಜೊತೆಗೆ ಬರುತ್ತಾರೆ ಎಂಬುದು ಕರಿಸ್ಮಾ ಮೇಲೆ ಹೋಗುತ್ತದೆ.

ಆ್ಯಶ್‌ಬರಿಯಲ್ಲಿ ಒಬ್ಬ ನಾಯಿಯನ್ನು ಒದೆಯುತ್ತಿರುತ್ತಾನೆ. ಬಿಡಿಸಿ ಕರೆದುಕೊಳ್ಳಿ. ಅದಕ್ಕೆ ಮಂತ್ರವೂ ಬೇಡ ಯಂತ್ರವೂ ಬೇಡ, ಆಟದ ಅತ್ಯಂತ ಬಲಶಾಲಿ ಜೊತೆಗಾರರಲ್ಲಿ ಅದೂ ಒಂದು.

ಗಣಿಯಲ್ಲಿ ಗೋಲೆಮ್‌ಗೆ ಹೊಡೆದು ಕತ್ತಿಯೇ ಮುರಿಯಿತು.

ಬ್ಲ್ಯಾಕ್ ಮೌಂಟನ್ ಗಣಿಯ ಓರ್ ಗೋಲೆಮ್ ತನಗೆ ಬಡಿದ ಆಯುಧವನ್ನೇ ಸವೆಸುತ್ತದೆ. ಒಳ್ಳೆಯ ಕತ್ತಿಯನ್ನು ಚೀಲಕ್ಕೆ ಸೇರಿಸಿ. ಮಾಂತ್ರಿಕರು ದೂರದಿಂದ ಸ್ಪೆಲ್, ಯಂತ್ರದವರು ಬಂದೂಕು ಅಥವಾ ಸ್ಫೋಟಕ, ಕಾಳಗದವರು ಮುರಿದರೂ ಪರವಾಗಿಲ್ಲ ಎನ್ನುವ ಎರಡು ಮೂರು ಅಗ್ಗದ ಆಯುಧ ಒಯ್ಯಲಿ. ಅನುಭವದ ಅಂಕ ಸಿಗುವುದು ನೀವು ಕೊಟ್ಟ ಏಟಿಗೆ, ಜೊತೆಗಾರರು ಕೊಟ್ಟ ಏಟಿಗಲ್ಲ. ಹಿಂದೆ ನಿಂತು ಎಲ್ಲವನ್ನೂ ಅವರಿಗೇ ಬಿಟ್ಟರೆ ಲೆವೆಲ್ ಏರುವುದಿಲ್ಲ.

ಬೇರೆ ಆಟಗಳಲ್ಲಿ ಇದನ್ನು ಹೇಗೆ ಬಗೆಹರಿಸಿದ್ದಾರೆ?

1989ರ ಶಾಡೋರನ್‌ನಲ್ಲಿ ಜಗಳ ಮೈಯೊಳಗೇ ನಡೆಯುತ್ತದೆ. ಎಲ್ಲರಿಗೂ ಎಸೆನ್ಸ್ 6, ಮೈಗೆ ಯಂತ್ರದ ಅಂಗ ಹಾಕಿಸಿಕೊಂಡಷ್ಟೂ ಅದು ಇಳಿಯುತ್ತದೆ, ಅದರ ಜೊತೆ ಮಂತ್ರಶಕ್ತಿಯೂ ಇಳಿಯುತ್ತದೆ. ಆದರೆ ಮಾಂತ್ರಿಕ ಕೈಯಲ್ಲಿ ಬಂದೂಕು ಹಿಡಿದರೆ ಅಲ್ಲಿ ಯಾವ ತಕರಾರೂ ಇಲ್ಲ. 1994ರ ಫೈನಲ್ ಫ್ಯಾಂಟಸಿ ಆರರಲ್ಲಿ ಮಂತ್ರವನ್ನೇ ಯಂತ್ರಕ್ಕೆ ಇಂಧನ ಮಾಡಿಕೊಂಡಿದ್ದಾರೆ: ಸಾಮ್ರಾಜ್ಯದವರು ಎಸ್ಪರ್ ಎಂಬ ಮಂತ್ರಜೀವಿಗಳ ಶಕ್ತಿ ಹೀರಿ ಯುದ್ಧಯಂತ್ರ ನಡೆಸುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎಬೆರಾನ್ ಲೋಕದಲ್ಲಿ ಪಂಚಭೂತದ ಜೀವಿಯನ್ನು ಕಟ್ಟಿಹಾಕಿ ಹಾರುವ ಹಡಗು ಓಡಿಸುತ್ತಾರೆ. ಈ ಮೂರರಲ್ಲೂ ಎರಡು ಶಕ್ತಿ ಒಂದು ರಾಜಿಗೆ ಬಂದಿವೆ. ಅರ್ಕೇನಮ್ ರಾಜಿ ಒಪ್ಪದ್ದರಿಂದಲೇ ಅದನ್ನು ಎರಡು ಸಲ ಆಡಬೇಕಾಗುತ್ತದೆ, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ.

ಈಗಿನ ಕಂಪ್ಯೂಟರ್‌ನಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ. ಗಾಗ್ ಮತ್ತು ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಗಳೆರಡರಲ್ಲೂ ಮಾರಾಟಕ್ಕಿದೆ. ಮೂಲ ಆಟದ ಪರದೆ 800×600, ದೊಡ್ಡ ಮಾನಿಟರ್‌ನಲ್ಲಿ ಚಿತ್ರ ಹಿಗ್ಗಿ ಮಸುಕಾಗುತ್ತದೆ. ಅಭಿಮಾನಿಗಳು ಮಾಡಿದ ಅನಧಿಕೃತ ಪ್ಯಾಚ್ ಹಾಕಿದರೆ ದೊಡ್ಡ ಪರದೆಗೆ ಹೊಂದುತ್ತದೆ, ಎಷ್ಟೋ ಬಗ್‌ಗಳೂ ಹೋಗುತ್ತವೆ. 50ರ ಮಿತಿ ತೆಗೆಯುವ ಆಯ್ಕೆಯೂ ಅದರಲ್ಲಿದೆ, ಅದನ್ನು ಮೊದಲ ಸಲ ಮುಟ್ಟಬೇಡಿ. ಮಿತಿ ಇಲ್ಲದಿದ್ದರೆ ಪಾಯಿಂಟ್ ಲೆಕ್ಕವೇ ಸಡಿಲವಾಗುತ್ತದೆ. ಪ್ಯಾಚ್ ಹಾಕುವುದಿದ್ದರೆ ಹೊಸ ಆಟ ಶುರು ಮಾಡುವ ಮುಂಚೆ ಹಾಕಿ, ನಡುವೆ ಹಾಕಿದರೆ ಹಳೆಯ ಸೇವ್ ತೆರೆಯದೇ ಹೋಗಬಹುದು. ಲೆವೆಲ್ ಏರಿದಾಗಲೆಲ್ಲ ಪಾಯಿಂಟ್ ಹಾಕುವ ಮುಂಚೆ ಒಂದು ಬೇರೆ ಸೇವ್ ಇಟ್ಟುಕೊಳ್ಳಿ.